ಬಾರದೆ ಹೋದ ಎರಡನೆಯ ಸೀನು

ನಮ್ಮ ಅಡುಗೆಮನೆಯಲ್ಲಿ ಸಾಸಿವೆ, ಜೀರಿಗೆ, ಮೆಂತೆಯ ಡಬ್ಬಿಗಳ ಸಾಲಿನ ತುದಿಗೆ ಒಂದು ಹಿತ್ತಾಳೆಯ ಕರಡಿಗೆ ಇದೆ. ಮುಷ್ಟಿಯೊಳಗೆ ಅಡಗಿಹೋಗುವಷ್ಟು ಚಿಕ್ಕದು. ಮುಚ್ಚಳದ ನಡುವೆ ಒಂದು ತಗ್ಗು. ಬೆರಳ ಗೆಣ್ಣು ವರ್ಷಗಟ್ಟಲೆ ತಟ್ಟಿ ತಟ್ಟಿ ಆದದ್ದು. ಅದರಲ್ಲಿ ನಾನು ಲವಂಗ ಇಡುತ್ತೇನೆ. ಶೀರಕ್ಕೆಂದೋ ಕಷಾಯಕ್ಕೆಂದೋ ಮುಚ್ಚಳ ತೆಗೆದರೆ ಮೊದಲು ಲವಂಗದ ವಾಸನೆ ಬರುತ್ತದೆ. ಅದರ ಅಡಿಯಿಂದ, ಕೆಳಗಿನ ಕೋಣೆಯಲ್ಲಿ ಯಾರೋ ಮಲಗಿರುವ ಹಾಗೆ, ಇನ್ನೊಂದು ವಾಸನೆ. ನಿಮಗೆ ಬರಲಿಕ್ಕಿಲ್ಲ. ನಮ್ಮ ಮನೆಯವರಿಗೂ ಬರುವುದಿಲ್ಲ. ನನಗೆ ಬರುತ್ತದೆ, ಬಂದ ಕೂಡಲೇ ಒಂದು ಸೀನು. ಆಮೇಲೆ ನಾನು ಕರಡಿಗೆ ಕೈಯಲ್ಲಿ ಹಿಡಿದುಕೊಂಡು, ಬಾಯಿ ಅರ್ಧ ತೆರೆದು, ಎರಡನೆಯದಕ್ಕೆ ಕಾಯುತ್ತ ನಿಲ್ಲುತ್ತೇನೆ. ಹಾಲು ಉಕ್ಕಿದರೂ ಉಕ್ಕಲಿ. ಚಾವಡಿಯಿಂದ ನಮ್ಮವರು, "ಒಂದಾ, ಎರಡಾ?" ಎಂದು ಕೂಗಿ ಕೇಳುತ್ತಾರೆ. ಈ ಕರಡಿಗೆ ಮನೆಗೆ ಬಂದಂದಿನಿಂದ ಕೇಳುತ್ತ ಬಂದಿದ್ದಾರೆ. ಕಾರಣವನ್ನು ಮಾತ್ರ ಕೇಳಿದವರಲ್ಲ.

ಕಾರಣ ಎಂಬ ಶಬ್ದದ ಬಗ್ಗೆ ನನಗೆ ಚಿಕ್ಕಂದಿನಿಂದಲೂ ಸ್ವಲ್ಪ ಭಯ. ಅದಕ್ಕೆ ನಮ್ಮ ತುಳುವೇ ಹೊಣೆ. ಇನ್ನಂಜೆಯ ನಮ್ಮ ಮನೆಯ ಗದ್ದೆಯಂಚಿನಲ್ಲಿ ಒಂದು ಕಲ್ಲಿತ್ತು. ಅದರ ಎದುರು ಸುಳ್ಳು ಹೇಳಿದರೆ ಹೊಟ್ಟೆನೋವು ಬರುತ್ತದೆ ಎಂದು ಅಜ್ಜಿ ಹೇಳುತ್ತಿದ್ದರು. "ಆ ಕಲ್ಲಿಗೆ ಕಾರ್ಣಿಕ ಉಂಟು." ಮಹಿಮೆಯುಳ್ಳದ್ದು, ಸುಮ್ಮನೆ ತಮಾಷೆಗೆ ಸಿಕ್ಕುವಂಥದ್ದಲ್ಲ ಎಂದು ಅರ್ಥ. ದೈವಗಳಿಗೆ ಕಾರ್ಣಿಕ, ಕೆಲವು ಮರಗಳಿಗೆ ಕಾರ್ಣಿಕ. ಶಾಲೆಗೆ ಸೇರಿ ಕನ್ನಡ ಕಲಿತ ಮೇಲೆ ಕಾರಣ ಎಂಬ ಶಬ್ದ ಸಿಕ್ಕಿತು. ಓಹೋ, ಕಾರ್ಣಿಕ ತುಳು, ಕಾರಣ ಅದರ ಕನ್ನಡ ಎಂದು ನಾನೇ ನಿಶ್ಚಯಿಸಿಕೊಂಡೆ.

ಪರೀಕ್ಷೆಯಲ್ಲಿ ಒಂದು ಪ್ರಶ್ನೆ: "ಕಾರಣ ಕೊಡಿ. ಸಮುದ್ರದ ನೀರು ಉಪ್ಪಾಗಿರುತ್ತದೆ." ನಾನು ಬರೆದೆ: "ಸಮುದ್ರದ ಕಾರಣ ಬಹಳ ದೊಡ್ಡದು. ಆದುದರಿಂದ ಅದಕ್ಕೆ ಕಾರಣವನ್ನು ನಾವು ಕೊಡಲು ಸಾಧ್ಯವಿಲ್ಲ. ಅದೇ ನಮಗೆ ಕೊಡಬೇಕು." ಮಾಸ್ಟರು ಅದನ್ನು ನನ್ನಿಂದಲೇ ಓದಿಸಿದರು. ತರಗತಿ ನಕ್ಕ ಸದ್ದಿಗೆ ಪಕ್ಕದ ತರಗತಿಯವರು ಇಣುಕಿದರು.

ಮನೆಗೆ ಬಂದು ಅತ್ತಾಗ ನಗದಿದ್ದವರು ಒಬ್ಬರೇ, ಮಾವ. ಅಮ್ಮನ ಅಣ್ಣ. ಕಡಿಯಾಳಿಯಲ್ಲಿ ಮನೆ, ಉಡುಪಿಯ ಒಂದು ಸಂಸ್ಕೃತ ಪಾಠಶಾಲೆಯಲ್ಲಿ ತರ್ಕಶಾಸ್ತ್ರ ಹೇಳಿಕೊಡುವುದು ಅವರ ಕೆಲಸ. ಮಕ್ಕಳಿಲ್ಲದ ಅವರು ರಜೆ ಸಿಕ್ಕಿದಾಗಲೆಲ್ಲ ನಮ್ಮಲ್ಲಿಗೆ ಬರುತ್ತಿದ್ದರು.

"ತಪ್ಪೇನೂ ಬರೆದದ್ದಲ್ಲ ಮಗಳೇ," ಎಂದರು. "ಮನುಷ್ಯ ಮೊದಲು ಗುಡುಗಿಗೆ ಹೆದರಿದ್ದು. ಆಮೇಲೆ ಕೈ ಮುಗಿದದ್ದು. ಇದು ಎಂತಕ್ಕೆ ಆಗ್ತದೆ ಅಂತ ಕೇಳಲಿಕ್ಕೆ ಶುರು ಮಾಡಿದ್ದು ಎಲ್ಲಕ್ಕಿಂತ ಕಡೆಗೆ. ನೀನು ಕೈ ಮುಗಿಯುವಲ್ಲಿಗೆ ಮುಟ್ಟಿದ್ದಿ. ಇನ್ನು ಒಂದೇ ಮೆಟ್ಟಿಲು ಬಾಕಿ."

ಹೀಗೆ ಹೇಳಿ ಸೊಂಟದ ಮಡಿಕೆಯಿಂದ ಕರಡಿಗೆ ತೆಗೆದರು. ಮುಚ್ಚಳಕ್ಕೆ ಗೆಣ್ಣಿನಿಂದ ಎರಡು ಏಟು, ಒಂದು ಚಿಟಿಕೆ ನಶ್ಯ, ಕಣ್ಣು ಮುಚ್ಚಿ ಒಂದು ದೀರ್ಘ ಉಸಿರು. ನಶ್ಯ ಏರಿದ ಮೇಲೆ ಮಾವನ ಮುಖದಲ್ಲಿ ಒಂದು ಗಳಿಗೆ ಯಾರೂ ಇರುತ್ತಿರಲಿಲ್ಲ. ಬೇಸಗೆಯ ಮಧ್ಯಾಹ್ನ ಗದ್ದೆಯ ಮೇಲೆ ಬಿಸಿಲು ನಡುಗುತ್ತದಲ್ಲ, ಹಾಗೆ ಏನೋ ನಡುಗಿ ಮತ್ತೆ ಮಾವ ವಾಪಸು ಬರುತ್ತಿದ್ದರು.

ಅಜ್ಜಿಗೂ ಅವರಿಗೂ ದಿನಾ ವಾದ. ಅಜ್ಜಿ ಅಪ್ಪನ ತಾಯಿ, ಅಕ್ಷರ ಕಲಿತವರಲ್ಲ. ಒಂದು ಸಂಜೆ ಹಾಲಿಗೆ ಹೆಪ್ಪು ಹಾಕುತ್ತಿದ್ದಾಗ ಮಾವ ಕೇಳಿದರು, "ಹಾಲಿನ ಒಳಗೆ ಮೊಸರು ಮೊದಲೇ ಉಂಟು, ಕಾಣುವುದಿಲ್ಲ ಅಷ್ಟೇ ಅಂತ ಕೆಲವರು ಹೇಳ್ತಾರೆ. ನೀವೆಂತ ಹೇಳ್ತೀರಿ?"

"ಮೊದಲೇ ಇದ್ದರೆ ಹೆಪ್ಪು ಎಂತಕ್ಕೆ ಆಚಾರ್ರೇ? ಆಚೆ ಮನೆಯವರ ಹತ್ತಿರ ಲೋಟ ಹಿಡಿದು ನಿಲ್ಲುವುದು ಎಂತಕ್ಕೆ? ಹಾಗೆ ಹೇಳಿದವರಿಗೆ ಹಾಲೇ ಬಡಿಸಿ, ಒಳಗೆ ಮೊಸರುಂಟು ಕಲಸಿಕೊಳ್ಳಿ ಅಂತ ಹೇಳಿ."

ಮಾವ ತೊಡೆ ತಟ್ಟಿಕೊಂಡು ನಕ್ಕರು. "ಇಷ್ಟಕ್ಕೇ ನಮ್ಮವರು ಸಾವಿರ ವರ್ಷ ಜಗಳ ಮಾಡಿದ್ದು!"

ಎಲ್ಲಿಂದ ಎಲ್ಲಿಗೋ ಹೋದೆ. ಸೀನಿನ ವಿಷಯ ಹೇಳಬೇಕಿತ್ತು.

ನನಗೊಬ್ಬಳು ಅಕ್ಕ. ಅವಳು ವಾರಿಜ, ನಾನು ಜಲಜ. ಎರಡಕ್ಕೂ ಅರ್ಥ ಒಂದೇ. ಎರಡನೆಯ ಹೆಣ್ಣು ಹುಟ್ಟಿದಾಗ ಅಪ್ಪ ಹೊಸತಾಗಿ ಯೋಚಿಸುವ ತೊಂದರೆ ತೆಗೆದುಕೊಂಡಿರಲಿಲ್ಲ. ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ನನ್ನ ತಲೆ ಬಾಚುವುದು, ಸ್ಲೇಟು ಒರೆಸುವುದು, ಮೀಯಿಸುವಾಗ ಕಣ್ಣಿಗೆ ಸೀಗೆ ಹೋಗದ ಹಾಗೆ ಹಣೆಗೆ ಕೈ ಅಡ್ಡ ಹಿಡಿಯುವುದು ಎಲ್ಲ ಅವಳೇ. ಆ ಅಂಗೈಯ ತಂಪು ಈಗಲೂ ನನ್ನ ಹಣೆಯಲ್ಲಿದೆ.

ಐವತ್ತರ ದಶಕದ ಆರಂಭದ ಒಂದು ಬೇಸಗೆ. ನನಗೆ ಒಂಬತ್ತು. ಅಕ್ಕನನ್ನು ನೋಡಲು ಕಾರ್ಕಳದಿಂದ ಬಂದರು. ಹುಡುಗ, ಅವನ ತಂದೆತಾಯಿ, ಮಾತೆಲ್ಲ ಆಡುವವರು ಅವನ ದೊಡ್ಡಪ್ಪ. ಬೆಲ್ಲ ನೀರು ಆಯಿತು, ಗೋಳಿಬಜೆ ಆಯಿತು. ಹುಡುಗಿ ಒಪ್ಪಿಗೆ, ಜಾತಕ ಒಪ್ಪಿಗೆ. ಕರೆಂಟಿಲ್ಲದ ಚಾವಡಿಯಲ್ಲಿ ಅಡಿಕೆ ಹಾಳೆಯ ಬೀಸಣಿಗೆಯಿಂದ ಗಾಳಿ ಹಾಕುವ ಕೆಲಸ ನನ್ನದು. ದೊಡ್ಡಪ್ಪನ ಪಕ್ಕದಲ್ಲಿ ನಿಂತು ಬೀಸುತ್ತಿದ್ದೆ. ಮಾವ ಕರಡಿಗೆ ತೆಗೆದು, ತಟ್ಟಿ, ಮರ್ಯಾದೆಗೆ ಅವರ ಮುಂದೆ ಹಿಡಿದರು. ಅವರು ಒಂದು ಚಿಟಿಕೆ ತೆಗೆದುಕೊಂಡು, ಬೆರಳು ಮೇಲಕ್ಕೆತ್ತಿ, "ಹಾಗಾದರೆ ಇದು ಆಯಿತು ಅಂತಲೇ..." ಎಂದು ಬಾಯಿ ತೆರೆದರು.

ನನ್ನ ಬೀಸಣಿಗೆಯ ಗಾಳಿ ಆ ಚಿಟಿಕೆಯನ್ನು ನನ್ನ ಮೂಗಿಗೇ ತಂದು ಮುಟ್ಟಿಸಿತು.

ಸೀನಿದೆ. ಒಂದು.

ಒಂಟಿ ಸೀನು ಬೇಡ ಎನ್ನುವುದು, ಜೋಡಿ ಸೀನು ಹೂಂ ಎನ್ನುವುದು. ನಮ್ಮ ಕಡೆ ಹಾಲುಗಲ್ಲದ ಮಕ್ಕಳಿಗೂ ಇದು ಗೊತ್ತು. ದೊಡ್ಡಪ್ಪನ ಮಾತು ಅಲ್ಲಿಗೇ ನಿಂತಿತು. ಬೆರಳು ಮೇಲೆಯೇ ಉಳಿಯಿತು. ಚಾವಡಿಯಲ್ಲಿದ್ದವರೆಲ್ಲ ನನ್ನ ಮೂಗನ್ನು ನೋಡಿದರು. ಅಷ್ಟು ಜನ ದೊಡ್ಡವರು ಒಟ್ಟಾಗಿ ನನ್ನನ್ನು ನೋಡಿದ್ದು ಅದೇ ಮೊದಲು, ಅದೇ ಕೊನೆ.

ಇನ್ನು ಹೇಳುವುದನ್ನು ಬಹಳ ವರ್ಷ ಒಬ್ಬರ ಹೊರತು ಯಾರಿಗೂ ಹೇಳಿರಲಿಲ್ಲ. ಎರಡನೆಯ ಸೀನು ಬರುತ್ತಿತ್ತು. ಮೂಗಿನ ಮೇಲಿನ ತುದಿಯಲ್ಲಿ ಇರುವೆ ನಡೆದ ಹಾಗೆ ಏರಿ ಬರುತ್ತಿತ್ತು. ಅಷ್ಟರಲ್ಲಿ ಬಾಗಿಲ ಹತ್ತಿರ ನಿಂತ ಅಮ್ಮನ ಕಣ್ಣು ಕಂಡಿತು. ಆ ಕಣ್ಣು ಕೆರಳಿತ್ತು. ಸೀನಿದ್ದಕ್ಕೆ ಬೈಗುಳ ಎಂದು ನಾನು ತಿಳಿದೆ. ಒಳ್ಳೆಯ ಹುಡುಗಿಯ ಹಾಗೆ ಎರಡು ಬೆರಳಿನಿಂದ ಮೂಗು ಗಟ್ಟಿಯಾಗಿ ಹಿಡಿದುಕೊಂಡೆ. ಕಣ್ಣಲ್ಲಿ ನೀರು ಬಂತು, ಕಿವಿಯೊಳಗೆ ಗುಂಯ್ ಎಂದಿತು, ಸೀನು ಬಂದ ದಾರಿಯಲ್ಲಿ ಹಿಂದೆ ಹೋಯಿತು.

ದೊಡ್ಡಪ್ಪ ಬೆರಳಲ್ಲಿ ಉಳಿದ ನಶ್ಯವನ್ನು ಏರಿಸದೆಯೇ ಕೊಡವಿದರು. ನೀರು ಕೇಳಿ ಕುಡಿದರು. "ನಾವು ಕಾಗದ ಹಾಕ್ತೇವೆ," ಎಂದು ಎದ್ದರು.

ಆ ಕಾಗದ ಬರಲಿಲ್ಲ. ಅಂಚೆಯ ಸಿಲ್ವೆಸ್ತರ್ ಗದ್ದೆಯ ಬದುವಿನಲ್ಲಿ ಬರುವುದು ಕಂಡರೆ ನಾನು ಓಡುತ್ತಿದ್ದೆ. ಅವನು ದೂರದಿಂದಲೇ ಕೈ ಅಲ್ಲಾಡಿಸುತ್ತಿದ್ದ. "ಇವತ್ತೂ ಇಲ್ಲ ಬಾಯ್!" ಬಾಯ್ ಎಂದರೆ ಅವನ ಕೊಂಕಣಿಯಲ್ಲಿ ಹುಡುಗಿ. ಮನೆಯಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಅತ್ತು ಮುಗಿಸುತ್ತಿದ್ದೆ. ಅಜ್ಜಿ ಮಾತ್ರ ಬತ್ತಿ ಹೊಸೆಯುತ್ತ, "ಆ ಸೀನಿಗೆ ಕಾರ್ಣಿಕ ಉಂಟು," ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ತಡವಾದರೂ ಆ ಎರಡನೆಯದನ್ನು ಕೊಟ್ಟುಬಿಡುವ ಎಂದು ನಾನು ಬೈಹುಲ್ಲಿನ ಕಡ್ಡಿಯನ್ನು ಮೂಗಿಗೆ ಹಾಕಿಕೊಂಡು ಕೊಟ್ಟಿಗೆಯ ಹಿಂದೆ ಸೀನಿದೆ. ಒಂದಲ್ಲ, ಹನ್ನೊಂದು. "ಅಜ್ಜೀ, ಹಿಂದಿನ ಸೀನಿಗೆ ಈಗ ಜೋಡಿ ಬಂದರೆ ಆಗ್ತದಾ?" ಎಂದು ಕೇಳಿದೆ. "ಕಡ್ಡಿ ಹಾಕಿ ತರಿಸಿದ್ದು ಸೀನಲ್ಲ ಮಾರಾಯ್ತಿ, ಅದು ನೆಗಡಿಗೆ ಆಮಂತ್ರಣ," ಎಂದರು ಅಜ್ಜಿ. ನೆಗಡಿ ಬಂತು. ಕಾಗದ ಬರಲಿಲ್ಲ.

ಆಷಾಢ ಕಳೆದ ಮೇಲೆ ಅಕ್ಕ ನನ್ನನ್ನು ಮಾವನ ಮನೆಗೆ ಕರೆದುಕೊಂಡು ಹೋಗಿ, ಕಡಿಯಾಳಿಯ ದೇವಸ್ಥಾನದಲ್ಲಿ ಒಂದು ಹೂವಿನ ಪೂಜೆ ಮಾಡಿಸಿದಳು. ಮಹಿಷಮರ್ದಿನಿಯ ಮೈ ಕಾಣದಷ್ಟು ಅಬ್ಬಲಿಗೆ. ಪಾಪ, ಕಾಗದ ಬರಲಿ ಎಂದು ಕೇಳಿಕೊಳ್ಳುತ್ತಿದ್ದಾಳೆ ಎಂದುಕೊಂಡೆ. ಪಕ್ಕದಲ್ಲಿ ನಿಂತು ನಾನೂ ಕಣ್ಣು ಮುಚ್ಚಿ ಕೇಳಿಕೊಂಡೆ: ಕಾಗದ ಬರಲಿ, ಕಾಗದ ಬರಲಿ.

ಚೌತಿಯ ರಜೆಗೆ ಮಾವ ಬಂದಾಗ ನಾನು ಸರಿಯಾಗಿ ಊಟ ಮಾಡುತ್ತಿಲ್ಲ ಎಂದು ಅಮ್ಮ ದೂರು ಹೇಳಿದರು. ಮರುದಿನ ಮಾವ ನನ್ನನ್ನು ಕಾಪುವಿನ ಕಡಲಿಗೆ ಕರೆದುಕೊಂಡು ಹೋದರು. ಮಳೆ ಬಿಟ್ಟ ಹೊತ್ತು. ದೀಪಸ್ತಂಭದ ಬಂಡೆಗೆ ಅಲೆ ಹೊಡೆಯುವುದು ದೂರದಲ್ಲಿ ಮೊದಲು ಕಾಣುತ್ತಿತ್ತು, ಸದ್ದು ಆಮೇಲೆ ಬರುತ್ತಿತ್ತು. ದಡದ ಹಿಂದೆ ಒಂದು ತಾಳೆಮರ. ಕರ್ರಗಿನ ಹಣ್ಣುಗಳು ತುದಿಯಲ್ಲಿ ಜೋತಿದ್ದವು. ಅದರಿಂದ ಸ್ವಲ್ಪ ದೂರ ಕೂತೆವು.

"ಮಡಕೆಗೆ ಎಂತೆಂತ ಬೇಕು, ಹೇಳು ನೋಡುವ," ಎಂದರು ಮಾವ.

"ಮಣ್ಣು. ಕುಂಬಾರ. ಚಕ್ರ."

"ಚಕ್ರ ತಿರುಗಿಸುವ ಕೋಲು. ಸರಿ. ಇನ್ನು ಮಣ್ಣು ಹೊತ್ತು ತಂದ ಕತ್ತೆ? ಮಡಕೆಗಿಂತ ಮೊದಲೇ ಬಂದದ್ದು ಹೌದಲ್ವಾ ಅದು? ಆದರೆ ಕುಂಬಾರ ತಲೆಯಲ್ಲಿ ಹೊತ್ತು ತಂದಿದ್ದರೂ ಮಡಕೆ ಆಗ್ತಿತ್ತು. ಆದ್ದರಿಂದ ನಮ್ಮ ಶಾಸ್ತ್ರದವರು ಕತ್ತೆಯನ್ನು ಪಂಕ್ತಿಯಿಂದ ಎಬ್ಬಿಸಿದರು. ಮುಂಚೆ ಬಂದ ಮಾತ್ರಕ್ಕೆ ಎಲೆ ಇಲ್ಲ. ನಿನ್ನ ಸೀನು ಆ ಕತ್ತೆ, ಮಗಳೇ. ಅವರಿಗೆ ಬೇಡವಾಗಿತ್ತು, ಸೀನದಿದ್ದರೂ ಬೇರೆ ಎಂತಾದರೂ ಹೇಳ್ತಿದ್ದರು."

ನಾನು ಆವರೆಗೆ ಕತ್ತೆಯನ್ನು ಕಂಡವಳಲ್ಲ. ನಮ್ಮ ಸೀಮೆಯ ಕುಂಬಾರರು ಮಣ್ಣನ್ನು ತಲೆಯಲ್ಲೇ ಹೊರುತ್ತಿದ್ದುದು. ಪಂಕ್ತಿಯಿಂದ ಎದ್ದು ಹಸಿದುಕೊಂಡು ಹೋಗುವ, ಮುಖವಿಲ್ಲದ ಒಂದು ಪ್ರಾಣಿ ಮಾತ್ರ ಕಣ್ಣಿಗೆ ಕಟ್ಟಿತು.

ಆಗ ಒಂದು ಕಾಗೆ ಬಂದು ತಾಳೆಮರದ ಮೇಲೆ ಕೂತಿತು. "ನೋಡು, ನೋಡು!" ಎಂದು ಮಾವ ಹುಡುಗರ ಹಾಗೆ ಮಂಡಿಯೂರಿದರು. "ಕಾಗೆ ಕೂರುವುದಕ್ಕೂ ಹಣ್ಣು ಬೀಳುವುದಕ್ಕೂ ಸರಿಯಾದರೆ ಕಾಕತಾಳೀಯ. ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಒಮ್ಮೆಯೂ ಕಣ್ಣಲ್ಲಿ ಕಂಡದ್ದಿಲ್ಲ." ಇಬ್ಬರೂ ಉಸಿರು ಬಿಗಿಹಿಡಿದು ಕಾದೆವು. ಕಾಗೆ ಕೊಕ್ಕು ಉಜ್ಜಿತು, ನಮ್ಮನ್ನು ನೋಡಿತು, ಹಾರಿಹೋಯಿತು. ಹಣ್ಣು ಬೀಳಲಿಲ್ಲ. ಬಿಸಿಲು ಕೆಂಪಾಯಿತು. ನನಗೆ ನಿದ್ದೆಯೋ ಎಚ್ಚರವೋ ತಿಳಿಯದ ಒಂದು ಹದ ಬಂತು. ಅಲೆಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಹಿಂದಿನದು ಮುಂದಿನದನ್ನು ದೂಡುತ್ತಿತ್ತೋ, ಸುಮ್ಮನೆ ಸರದಿಗೆ ಬರುತ್ತಿದ್ದವೋ, ಯಾರು ಹೇಳಬೇಕು? ಆಗ ದೊಪ್ಪೆಂದು ಒಂದು ಹಣ್ಣು ಬಿತ್ತು. ಮರದಲ್ಲಿ ಕಾಗೆ ಇರಲಿಲ್ಲ.

"ಮಾವಾ," ಎಂದೆ. "ಕಾಗೆ ಕೂತುಕೊಳ್ಳಲಿಲ್ಲವಲ್ಲ, ಅದಕ್ಕೇ ಬಿದ್ದದ್ದು ಇರಬಹುದಾ?"

"ಎಂತ?"

"ಆಗದೆ ಹೋದದ್ದು ಕಾರಣ ಆಗ್ತದಾ?"

ಮಾವ ನನ್ನನ್ನೇ ನೋಡಿದರು. ನಾನು ಹೇಳಿಬಿಟ್ಟೆ: ಎರಡನೆಯದು ಬರುತ್ತಿತ್ತು, ನಾನು ಹಿಡಿದುಕೊಂಡೆ, ಬಂದ ಸೀನು ಕತ್ತೆಯಾದರೆ ಆಗಲಿ, ಬಾರದ ಸೀನು ಎಂತದು?

 ಬೆಂಕಿ ಹತ್ತಲಿಕ್ಕೆ ಕಟ್ಟಿಗೆ ಒದ್ದೆಯಾಗಿ ಇಲ್ಲದಿರುವುದೂ ಒಂದು ಕಾರಣವೇ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂದು ವಾದಿಸುವವರಿದ್ದಾರೆ ಎಂದು ಮಾವ ಏನೋ ಶುರು ಮಾಡಿ, ಅರ್ಧಕ್ಕೆ ಬಿಟ್ಟರು. ಅವರ ಕೈ ಅಭ್ಯಾಸದಿಂದ ಸೊಂಟದ ಮಡಿಕೆಗೆ ಹೋಯಿತು. ಬರಿಗೈಯಾಗಿ ಬಂತು.

"ನಶ್ಯ ಎಲ್ಲಿ ಮಾವ?"

"ಬಿಟ್ಟೆ."

"ಎಂತಕ್ಕೆ?"

"ಕಾರಣ ಇಲ್ಲ," ಎಂದರು ಆ ತರ್ಕದ ಪಂಡಿತರು.

ನಾನು ನಂಬಿದೆ. ಬಿದ್ದ ಹಣ್ಣನ್ನು ಎತ್ತಿಕೊಂಡು ಕತ್ತಲಾಗುವ ಮೊದಲೇ ಮನೆಗೆ ಬಂದೆವು. ಅದರ ನಾರು ಅಜ್ಜಿಯ ಹಲ್ಲಿಗೆ ಸಿಕ್ಕಿ ದೊಡ್ಡ ರಂಪವಾಯಿತು.

ಕಾಗದ ಬಾರದ ಮನೆಯಲ್ಲಿ ಹುಡುಗಿ ಸುಮ್ಮನೆ ಕೂತಿರುವುದು ಎಂತಕ್ಕೆ ಎಂದು ಅಪ್ಪ ಮುಂದಿನ ವರ್ಷ ಅಕ್ಕನನ್ನು ಟೀಚರ್ ಟ್ರೈನಿಂಗಿಗೆ ಕಳುಹಿಸಿದರು. ಅವಳಿಗೆ ಕೆಲಸವಾದದ್ದು ಎಲ್ಲಿ ಎಂದು ಕೇಳಿದರೆ ನೀವು ನಗುತ್ತೀರಿ: ಕಾರ್ಕಳದಲ್ಲೇ. ಆರೇಳು ವರ್ಷ ಕಳೆದು ಅದೇ ಶಾಲೆಯ ಡ್ರಾಯಿಂಗ್ ಮಾಸ್ಟರನ್ನು ಮದುವೆಯಾದಳು. ಬಹಳ ಕಡಿಮೆ ಮಾತಿನ ಮನುಷ್ಯ. ಅಂಗಿಯ ಕಿಸೆಯಲ್ಲಿ ಯಾವಾಗಲೂ ಸುಣ್ಣದ ಕಡ್ಡಿಯ ಬಣ್ಣ. ಅಕ್ಕ ಸುಖವಾಗಿದ್ದಾಳೆಯೇ ಎಂದು ನಾನು ಹೋದಾಗಲೆಲ್ಲ ಕದ್ದು ನೋಡುತ್ತಿದ್ದೆ. ಅವಳು ನಕ್ಕರೆ ನನಗೊಂದಿಷ್ಟು ಉಸಿರು. ಸುಮ್ಮನೆ ಕಿಟಕಿಯಾಚೆ ನೋಡಿದರೆ ಮೂಗಿನ ತುದಿಯಲ್ಲಿ ಆ ಹಳೆಯ ಇರುವೆ ನಡೆಯುತ್ತಿತ್ತು. ನನ್ನ ಮದುವೆಯ ದಿನವೂ, ಧಾರೆಯ ಹೊತ್ತಿಗೆ, ಅಕ್ಕನಿಗೆ ಮದುವೆ ಅಷ್ಟು ತಡವಾದದ್ದು ನನ್ನಿಂದ ಎಂದು ಅನಿಸಿ ಕಣ್ಣು ತುಂಬಿತು. ತವರು ಬಿಡುವ ದುಃಖ ಎಂದು ಎಲ್ಲರೂ ಸಮಾಧಾನ ಮಾಡಿದರು.

ಅರವತ್ತರ ದಶಕ ಮುಗಿಯುತ್ತ ಬಂದಾಗ ಮಾವ ತೀರಿಕೊಂಡರು. ಹದಿನಾಲ್ಕನೆಯ ದಿನ ಅತ್ತೆ ನನ್ನನ್ನು ಒಳಗೆ ಕರೆದು ಕರಡಿಗೆಯನ್ನು ಕೈಗಿಟ್ಟರು.

"ಜಲಜನಿಗೆ ಕೊಡು ಅಂತ ಹೇಳಿದ್ದರು. ಎಂತಕ್ಕೆ ಅಂತ ನಿನಗೇ ಗೊತ್ತು."

ತೆರೆದರೆ ಲವಂಗ.

"ಒಂದು ಬೇಸಗೆ ಇನ್ನಂಜೆಯಿಂದ ಬಂದವರು ಚಪ್ಪಲಿ ಬಿಡುವುದಕ್ಕೆ ಮೊದಲು ನಶ್ಯವನ್ನು ಬಾವಿಕಟ್ಟೆಯ ಹತ್ತಿರ ಚೆಲ್ಲಿದರು. ಮೂವತ್ತು ವರ್ಷದ ಅಭ್ಯಾಸ! ಲವಂಗ ತುಂಬಿಸಿಕೊಂಡರು. ಎಂತಾಯ್ತು ಅಂತ ಕೇಳಿದೆ. ಹಲ್ಲುನೋವು ಅಂದರು." ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. "ಅವರಿಗೆ ಹಲ್ಲುನೋವೇ ಇರಲಿಲ್ಲ ಮಗು."

ನನ್ನ ಸೀನನ್ನು ಪಂಕ್ತಿಯಿಂದ ಎಬ್ಬಿಸಿ ಕಳುಹಿಸಿದವರು, ಹಾಗಾದರೆ, ಆ ಖಾಲಿ ಎಲೆಯ ಮುಂದೆ ತಾವೇ ಹೋಗಿ ಕೂತಿದ್ದರು. ಹದಿನೈದು ವರ್ಷಕ್ಕಿಂತ ಹೆಚ್ಚು. ಯಾರಿಗೂ ಹೇಳದೆ.

ಮುಂದಿನ ಭಾನುವಾರವೇ ಕಾರ್ಕಳಕ್ಕೆ ಹೋದೆ. ಭಾವ ಪೇಟೆಗೆ ಹೋಗಿದ್ದರು. ಅಕ್ಕ ಮೆಟ್ಟುಕತ್ತಿಯ ಮೇಲೆ ಕೂತು ಗುಳ್ಳ ಬದನೆಯ ಹೋಳು ಮಾಡುತ್ತಿದ್ದಳು. ಕರಡಿಗೆಯನ್ನು ಅವಳೆದುರು ನೆಲದ ಮೇಲಿಟ್ಟು, ಅತ್ತೆ ಹೇಳಿದ್ದನ್ನೂ, ನಾನು ಮೂಗು ಹಿಡಿದುಕೊಂಡದ್ದನ್ನೂ, ಒಂದೂ ಬಿಡದೆ ಹೇಳಿದೆ. ಹೇಳಿ, ತಲೆ ತಗ್ಗಿಸಿ, ಹೋಳು ನೀರಿಗೆ ಬೀಳುವುದನ್ನು ನೋಡುತ್ತ ಕೂತೆ. ಹೋಳು ಬೀಳುವುದು ನಿಂತಿತು.

"ನೀನು ಹಿಡಿದುಕೊಂಡದ್ದು ನನಗೆ ಗೊತ್ತುಂಟು," ಎಂದಳು ಅಕ್ಕ.

"ಹ್ಞಾ?"

"ಬಾಗಿಲ ಸಂದಿನಿಂದ ನೋಡ್ತಾ ಇದ್ದೆ ಮಾರಾಯ್ತಿ. ಹುಡುಗನನ್ನಲ್ಲ, ನಿನ್ನನ್ನು. ಮೀಯಿಸಿ ಬಾಚಿ ಸಾಕಿದವಳು ನಾನು. ನಿನಗೆ ಎರಡನೆಯದು ಬರ್ತಾ ಉಂಟು ಅಂತ ಮುಖ ನೋಡಿದರೆ ಗೊತ್ತಾಗುವುದಿಲ್ಲವಾ? ಟ್ರೈನಿಂಗಿನ ಅರ್ಜಿ ತುಂಬಿಸಿ ಅಪ್ಪನಿಗೆ ತೋರಿಸಲಿಕ್ಕೆ ಧೈರ್ಯ ಇಲ್ಲದೆ ಟ್ರಂಕಿನ ಅಡಿಗೆ ಹಾಕಿ ಇಟ್ಟಿದ್ದೆ. ಅಮ್ಮಾ ಮಹಿಷಮರ್ದಿನೀ, ಇದೊಂದು ಸೀನು ಬಾರದ ಹಾಗೆ ಮಾಡು, ನಿನಗೆ ಹೂವಿನ ಪೂಜೆ ಮಾಡಿಸ್ತೇನೆ ಅಂತ ಅಲ್ಲೇ ಹೇಳಿಕೊಂಡೆ. ನೀನು ಮೂಗು ಹಿಡಿದುಕೊಂಡೆ."

ಅಬ್ಬಲಿಗೆಯ ರಾಶಿ ಕಣ್ಣೆದುರು ಬಂತು. "ಆ ಪೂಜೆ..."

"ಅದೇ. ನಿನಗೆ ಅಂತಲೇ ಮಾಡಿಸಿದ್ದು. ಅದಕ್ಕೇ ಕರೆದುಕೊಂಡು ಹೋದದ್ದು."

"ನಾನು ಅಲ್ಲಿ ನಿಂತು ಕಾಗದ ಬರಲಿ ಅಂತ ಬೇಡಿಕೊಂಡೆನಲ್ಲ!"

"ಅಯ್ಯೋ ಪಾಪಿ! ಪುಣ್ಯಕ್ಕೆ ದೇವಿಗೆ ಕಿವಿ ನನ್ನ ಕಡೆ ಇತ್ತು." ಅಕ್ಕ ನಕ್ಕು ನಕ್ಕು ಮೆಟ್ಟುಕತ್ತಿಯಿಂದ ಎದ್ದೇಬಿಟ್ಟಳು. "ಆ ಹುಡುಗ ಈಗಲೂ ಬಸ್‌ಸ್ಟ್ಯಾಂಡಿನಲ್ಲಿ ಕಾಣಸಿಗ್ತಾನೆ. ನನ್ನನ್ನು ಕಂಡರೆ ಕೊಡೆ ಅಡ್ಡ ಹಿಡೀತಾನೆ. ಮಳೆ ಇಲ್ಲದಿದ್ದರೂ."

ನಾನೂ ನಕ್ಕೆ. ನಗುತ್ತಲೇ ಲೆಕ್ಕ ಹಾಕಿದೆ: ನಶ್ಯ, ಬೀಸಣಿಗೆ, ಅಮ್ಮನ ಕಣ್ಣು, ನನ್ನ ಎರಡು ಬೆರಳು, ಬಾಗಿಲ ಸಂದಿನ ಹರಕೆ, ಕಡಿಯಾಳಿಯ ದೇವಿ. ಇದರಲ್ಲಿ ಯಾವುದಕ್ಕೆ ಎಲೆ, ಯಾವುದು ಏಳಬೇಕು? ಬಿಡಿಸಿ ಹೇಳುವವರು ಇರಲಿಲ್ಲ. ಒಂದು ಮಾತ್ರ ಸ್ಪಷ್ಟವಾಗಿತ್ತು. ಇಷ್ಟು ವರ್ಷ ಮಣ್ಣು ಹೊತ್ತು, ಮಡಕೆ ಒಡೆದದ್ದು ತನ್ನಿಂದಲೇ ಎಂದು ತಿಳಿದಿದ್ದ ಆ ಕತ್ತೆಯ ಮುಖ ಕೊನೆಗೂ ನನಗೆ ಕಂಡಿತ್ತು. ಮಡಕೆ ಒಡೆದೇ ಇರಲಿಲ್ಲ.

"ಎಂತಕ್ಕೆ ಹೇಳಲಿಲ್ಲ ಅಕ್ಕಾ?"

"ನೀನು ಕೇಳಲಿಲ್ಲ." ಅವಳು ಕರಡಿಗೆಯನ್ನು ಎತ್ತಿಕೊಂಡಳು. ಮುಚ್ಚಳದ ತಗ್ಗಿನಲ್ಲಿ ಬೆರಳಿಟ್ಟು ನೋಡಿದಳು. ನಗು ಇಳಿಯಿತು. "ಮಾವನಾದರೂ ಕೇಳಬಹುದಿತ್ತು," ಎಂದಳು ಸಣ್ಣ ದನಿಯಲ್ಲಿ. ಸ್ವಲ್ಪ ಹೊತ್ತಿನ ಮೇಲೆ, "ನಾನಾದರೂ ಹೇಳಬಹುದಿತ್ತು." ಮಾವ ತಟ್ಟುತ್ತಿದ್ದ ಹಾಗೆಯೇ ಗೆಣ್ಣಿನಿಂದ ಎರಡು ಸಲ ತಟ್ಟಿ, ಮುಚ್ಚಳ ತೆರೆದು, ಒಂದು ಲವಂಗ ತಾನು ಬಾಯಿಗೆ ಹಾಕಿಕೊಂಡು ಒಂದು ನನಗೆ ಕೊಟ್ಟಳು. ಇಬ್ಬರೂ ಅಗಿದೆವು. ನೀರಿನಲ್ಲಿ ಹೋಳುಗಳು ಕಪ್ಪಾಗದೆ ತೇಲುತ್ತಿದ್ದವು.

ಊಟವಾಗಿ, ಮೂರು ಗಂಟೆಯ ಬಸ್ಸಿಗೆ ಹೊರಟೆ. ಚೀಲದಲ್ಲಿ ಜಾಗ ನೋಡಿ ಕರಡಿಗೆಯನ್ನು ಇಡುವಾಗ ಮುಚ್ಚಳ ಸಡಿಲಿತೋ ಏನೋ. ಹೊಸ್ತಿಲ ಆಚೆ ಒಂದು ಕಾಲು ಇಟ್ಟಿದ್ದೆ. ಮೂಗಿನ ಮೇಲೆ ಇರುವೆ ನಡೆಯಿತು.

ಸೀನಿದೆ. ಒಂದು.

"ಬಾ ಒಳಗೆ," ಎಂದಳು ಅಕ್ಕ ಹಿಂದಿನಿಂದ. "ಒಂಟಿ ಸೀನು. ಕೂತು ನೀರು ಕುಡಿದು ಹೋಗು. ಜೋಡಿ ಬಂದರೆ ಮಾತ್ರ ಬಿಡುವುದು."

"ಬಸ್ಸು ಬರ್ತದೆ ಅಕ್ಕ. ಮತ್ತೆ ಐದು ಗಂಟೆಗೇ ಇರುವುದು."

"ಹಾಗಾದರೆ ಬೇಗ ಸೀನು."

ಎರಡನೆಯದು ಬರುತ್ತಿತ್ತು. ಏರಿ ಏರಿ ಬರುತ್ತಿತ್ತು. ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಅಕ್ಕ ಬಾಗಿಲಿಗೆ ಒರಗಿ ನನ್ನ ಮುಖವನ್ನೇ ನೋಡುತ್ತಿದ್ದಳು.

ನಾನು ಎರಡು ಬೆರಳಿನಿಂದ ಮೂಗು ಗಟ್ಟಿಯಾಗಿ ಹಿಡಿದುಕೊಂಡೆ.